ಕೊಂಡ ಮೇಲೆ ಇಳಿದ ಬೆಲೆ

ತೊಗರಿಯ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಒಂದು ಕಂಪ್ಯೂಟರ್ ಕೊಡಿಸುವುದು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತ ಕುಟುಂಬಗಳಿಗೆ ಈಗ ಹೊಸ ಸಂಗತಿಯಲ್ಲ. ಆದರೆ ಅದು ಹಗುರವಾದ ಸಂಗತಿಯೂ ಅಲ್ಲ. ಮುದನಾಳದಂಥ ಊರಿನ ಸಣ್ಣ ಹಿಡುವಳಿದಾರನಿಗೆ ಒಂದು ಲ್ಯಾಪ್‌ಟಾಪಿನ ಬೆಲೆ ಎಂದರೆ ಒಂದು ಹಂಗಾಮಿನ ಉಳಿತಾಯ; ಕೆಲವೊಮ್ಮೆ ಬೆಂಗಳೂರಿಗೆ ಗುಳೆ ಹೋದವರು ಕಟ್ಟಡದ ಕೆಲಸದಲ್ಲಿ ಬೆವರು ಸುರಿಸಿ ಕಳುಹಿಸಿದ ಹಣ. ಹೀಗೆ ಕೊಂಡ ಯಂತ್ರ ಮನೆಗೆ ಬಂದು ಎರಡು ತಿಂಗಳು ಕಳೆಯುವಷ್ಟರಲ್ಲಿ ಅದಕ್ಕಿಂತ ವೇಗವಾದ, ಅದಕ್ಕಿಂತ ಐದು ಸಾವಿರ ರೂಪಾಯಿ ಅಗ್ಗವಾದ ಹೊಸ ಮಾದರಿ ಅಂಗಡಿಗೆ ಬಂದರೆ, ಮನೆಯವರ ಮನಸ್ಸಿನಲ್ಲಿ ಕಸಿವಿಸಿ ಉಂಟಾಗುವುದು ಸಹಜ. "ಇನ್ನೆರಡು ತಿಂಗಳು ತಡೆಯಬಾರದಿತ್ತೇ" ಎಂಬ ನೆರೆಯವರ ಮಾತು ಆ ಕಸಿವಿಸಿಯನ್ನು ಇಮ್ಮಡಿಸುತ್ತದೆ.

ಈ ಪಶ್ಚಾತ್ತಾಪವನ್ನು ಬರಿಯ ಕೊಳ್ಳುಗನ ಸಣ್ಣ ದುಃಖವೆಂದು ತಳ್ಳಿಹಾಕುವಂತಿಲ್ಲ. ಅದು ಮನುಷ್ಯರನ್ನು ಎರಡು ತಪ್ಪು ದಾರಿಗಳಿಗೆ ನೂಕುತ್ತದೆ. ಒಂದು, ಇರುವ ಯಂತ್ರದ ಮೇಲೆ ತಾತ್ಸಾರ ಹುಟ್ಟಿಸಿ, ಅದಿನ್ನೂ ಗಟ್ಟಿಯಾಗಿರುವಾಗಲೇ ಮೂಲೆಗೆ ಸರಿಸಿ ಹೊಸದನ್ನು ತರಿಸುವುದು. ಇನ್ನೊಂದು, ಮುಂದಿನ ಸಲ ಮೋಸಹೋಗಬಾರದೆಂಬ ಭಯದಲ್ಲಿ ಕೊಳ್ಳುವುದನ್ನೇ ಮುಂದೂಡುತ್ತ ಹೋಗಿ, ಕಲಿಯಬೇಕಾದ ವರ್ಷವನ್ನೇ ಕಳೆದುಕೊಳ್ಳುವಂತೆ ಮಾಡುವುದು. ಮೊದಲನೆಯದರ ಬೆಲೆಯನ್ನು ನೆಲ, ನೀರು, ಗಾಳಿ ತೆರುತ್ತವೆ. ಎರಡನೆಯದರ ಬೆಲೆಯನ್ನು ವಿದ್ಯಾರ್ಥಿ ತೆರುತ್ತಾನೆ. ಬೆಲೆಯಿಳಿತದಿಂದ ಆದ ನಷ್ಟ ಇವೆರಡರ ಮುಂದೆ ಅತ್ಯಲ್ಪವಾದುದು ಎಂಬುದನ್ನು ಅಂಕಿಅಂಶಗಳೇ ತೋರಿಸಿಕೊಡುತ್ತವೆ.

ಕಂಪ್ಯೂಟರಿನ ಬೆಲೆ ಇಳಿಯುವುದು ಆಕಸ್ಮಿಕವಲ್ಲ, ಆ ಉದ್ಯಮದ ಸ್ವಭಾವ. 1965ರಲ್ಲಿ ಗಾರ್ಡನ್ ಮೂರ್ ಎಂಬ ಅಮೆರಿಕದ ತಂತ್ರಜ್ಞರು, ಒಂದು ಚಿಪ್ಪಿನ ಮೇಲೆ ಕೂಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತಿದೆ ಎಂದು ಗುರುತಿಸಿದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಹಲವು ದಶಕಗಳ ಕಾಲ ಉದ್ಯಮವು ಈ ಲೆಕ್ಕಕ್ಕೆ ಸರಿಯಾಗಿಯೇ ಹೆಜ್ಜೆ ಹಾಕಿತು. ಅಷ್ಟೇ ಹಣಕ್ಕೆ ಹೆಚ್ಚು ಸಾಮರ್ಥ್ಯ, ಅಷ್ಟೇ ಸಾಮರ್ಥ್ಯಕ್ಕೆ ಕಡಿಮೆ ಹಣ ಎಂಬುದು ಇಲ್ಲಿನ ನಿಯಮವಾಯಿತು. ಹೀಗಿರುವಾಗ ಯಾವ ದಿನ ಕೊಂಡರೂ ಕೊಂಡವನು ಮುಂದಿನ ಮಾದರಿಗಿಂತ ಮೊದಲೇ ಕೊಂಡವನಾಗುತ್ತಾನೆ. ಜನವರಿಯಲ್ಲಿ ಕೊಂಡವನಿಗೆ ಮೇ ತಿಂಗಳಿನಲ್ಲಿ ಆಗುವ ಪಶ್ಚಾತ್ತಾಪ, ಮೇ ತಿಂಗಳಿನಲ್ಲಿ ಕೊಂಡವನಿಗೆ ದೀಪಾವಳಿಯ ಹೊತ್ತಿಗೆ ಆಗುತ್ತದೆ.

ಹೊಸ ಮಾದರಿಯ ಸುದ್ದಿಗೆ ತಯಾರಕರೇ ಬಲಿಯಾದ ಪ್ರಸಂಗವೂ ಇತಿಹಾಸದಲ್ಲಿದೆ. ಆಡಮ್ ಓಸ್ಬೋರ್ನ್ ಎಂಬುವರು 1981ರ ಏಪ್ರಿಲ್‌ನಲ್ಲಿ, ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರೊಂದನ್ನು 1,795 ಡಾಲರಿಗೆ ಮಾರುಕಟ್ಟೆಗೆ ತಂದರು. ಸುಮಾರು 11 ಕಿಲೋ ತೂಕದ, ಅಂಗೈಯಗಲದ ಪರದೆಯ ಆ ಪೆಟ್ಟಿಗೆ ಆ ಕಾಲಕ್ಕೆ ಸೋಜಿಗವಾಗಿತ್ತು. ಜನ ಮುಗಿಬಿದ್ದು ಕೊಂಡರು. ಆದರೆ 1983ರಲ್ಲಿ, ಕೈಯಲ್ಲಿದ್ದ ಸರಕು ಇನ್ನೂ ಮಾರಾಟವಾಗುವ ಮೊದಲೇ, ಮುಂದಿನ ಮಾದರಿ ಇದಕ್ಕಿಂತ ಉತ್ತಮವಾಗಿರುತ್ತದೆಂಬ ಸುದ್ದಿ ಹಬ್ಬಿತು. ಕೊಳ್ಳುವವರು ಕೈಕಟ್ಟಿ ಕುಳಿತರು, ಅಂಗಡಿಯವರು ಬೇಡಿಕೆಯನ್ನು ಹಿಂತೆಗೆದುಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಪೈಪೋಟಿ ಮತ್ತು ಹಣಕಾಸಿನ ಅವ್ಯವಸ್ಥೆಯೂ ಅದಕ್ಕೆ ಕಾರಣವಾಗಿದ್ದವೆಂದು ಹೇಳುವವರಿದ್ದಾರೆ. ಆದರೂ ವ್ಯಾಪಾರದ ಪಾಠಗಳಲ್ಲಿ ಇಂಥ ಸ್ಥಿತಿಗೆ 'ಓಸ್ಬೋರ್ನ್ ಪರಿಣಾಮ' ಎಂಬ ಹೆಸರೇ ನಿಂತುಬಿಟ್ಟಿದೆ. ತಮಿಳುನಾಡಿನಲ್ಲಿ ಬಾಲ್ಯವನ್ನು ಕಳೆದಿದ್ದ ಓಸ್ಬೋರ್ನ್ ಕೊನೆಯ ದಿನಗಳನ್ನು ಕೊಡೈಕೆನಾಲಿನ ಬೆಟ್ಟದೂರಿನಲ್ಲಿ ಕಳೆದು 2003ರಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಅನುಭವದಿಂದ ಉದ್ಯಮ ಕಲಿತದ್ದು ಗುಟ್ಟನ್ನು ಕಾಯುವುದನ್ನು. ಹೊಸ ಮಾದರಿಯ ದಿನ ಮತ್ತು ಬೆಲೆಯನ್ನು ಕೊನೆಯ ಕ್ಷಣದವರೆಗೆ ಮುಚ್ಚಿಟ್ಟು, ಹಳೆಯ ಸರಕನ್ನು ಪೂರ್ಣ ಬೆಲೆಗೆ ಮಾರುವುದು ಈಗಿನ ರೂಢಿ. ಆಪಲ್ ಕಂಪನಿ 2007ರ ಜೂನ್ 29ರಂದು ತನ್ನ ಮೊದಲ ಐಫೋನನ್ನು 599 ಡಾಲರಿಗೆ ಮಾರಲಾರಂಭಿಸಿ, ಸೆಪ್ಟೆಂಬರ್ 5ರಂದು ಅದೇ ಫೋನಿನ ಬೆಲೆಯನ್ನು 399 ಡಾಲರಿಗೆ ಇಳಿಸಿತು. ನಡುವೆ ಕಳೆದದ್ದು ಕೇವಲ 68 ದಿನ. ಮೊದಲು ಕೊಂಡವರು ಗದ್ದಲವೆಬ್ಬಿಸಿದಾಗ, ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರಿಗೆ ಅಂಗಡಿಯಲ್ಲಿ ಬಳಸಬಹುದಾದ 100 ಡಾಲರಿನ ರಿಯಾಯಿತಿಯನ್ನು ಘೋಷಿಸಬೇಕಾಯಿತು. ಅಮೆರಿಕದ ನಗರಗಳ ಉಳ್ಳವರ ದನಿ ಕಂಪನಿಯ ಬಾಗಿಲು ಮುಟ್ಟಿತು. ಯಾದಗಿರಿಯ ಅಂಗಡಿಯಲ್ಲಿ ಕೊಂಡ ರೈತನ ಮಗಳ ದನಿಗೆ ಅಂಥ ಬಲವಿಲ್ಲ. ಆದುದರಿಂದ ಆಕೆಗೆ ಬೇಕಾದುದು ರಿಯಾಯಿತಿಯ ಭರವಸೆಯಲ್ಲ, ತನ್ನದೇ ಆದ ಲೆಕ್ಕದ ಅರಿವು.

ಅಗ್ಗದ ಯಂತ್ರಕ್ಕಾಗಿ ಕಾಯುವುದು ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರುಗಳು ಕೂಡಿ, ಹಳ್ಳಿಯ ಜನರಿಗಾಗಿಯೇ 'ಸಿಂಪ್ಯೂಟರ್' ಎಂಬ ಅಂಗೈ ಗಾತ್ರದ ಕಂಪ್ಯೂಟರನ್ನು ರೂಪಿಸಿದರು. ಅದರ ಮೊದಲ ಮಾದರಿ 2001ರ ಏಪ್ರಿಲ್‌ನಲ್ಲಿ ಹೊರಬಂದಿತು. ಓದುಬರಹ ಬಾರದವರಿಗೂ ಉಪಯೋಗವಾಗಲೆಂದು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಓದಿಹೇಳುವ ಸೌಲಭ್ಯ, ಎಲ್ಲರಿಗೂ ಮುಕ್ತವಾದ ಲಿನಕ್ಸ್ ತಂತ್ರಾಂಶ, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಸರದಿಯಂತೆ ಬಳಸುವ ವ್ಯವಸ್ಥೆ, ಇವೆಲ್ಲ ಅದರಲ್ಲಿದ್ದವು. ಸುಮಾರು 9,000 ರೂಪಾಯಿಗೆ ದೊರೆಯುತ್ತದೆಂಬ ನಿರೀಕ್ಷೆಯಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದವು.

ಆದರೆ ಯಂತ್ರ ಸಾಮಾನ್ಯರ ಮಾರುಕಟ್ಟೆಗೆ ಬರುವಾಗ 2004 ಆಗಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ 'ಅಮಿಡಾ' ಸಿಂಪ್ಯೂಟರಿನ ಆರಂಭದ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಬಣ್ಣದ ಪರದೆಯದು ಇನ್ನೂ ದುಬಾರಿಯಾಗಿತ್ತು. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಗಳ ಕಡೆಗೆ ಹೊರಟಿತ್ತು. 2003ರಲ್ಲಿ ಬಂದ ನೋಕಿಯಾ 1100 ಎಂಬ ಸಾದಾ ಫೋನು, ಧೂಳಿಗೆ ಜಗ್ಗದ ಗುಂಡಿಗಳು ಮತ್ತು ಒಂದು ಟಾರ್ಚ್ ದೀಪವನ್ನಿಟ್ಟುಕೊಂಡು ಊರೂರಿನಲ್ಲಿ ಮನೆಮಾತಾಯಿತು. ಸಿಂಪ್ಯೂಟರಿನ ಮಾರಾಟ ಕೆಲವು ಸಾವಿರದ ಆಚೆ ದಾಟದೆ ಅದು ಹಿಂದೆ ಸರಿಯಿತು. ಅದನ್ನು ಕಟ್ಟಿದವರ ಜಾಣ್ಮೆಯಲ್ಲಿ ಕೊರತೆಯಿರಲಿಲ್ಲ. ಯಂತ್ರದ ಕಲ್ಪನೆಗೂ ಅದು ಕೈಸೇರುವುದಕ್ಕೂ ನಡುವಣ ಕಾಲದಲ್ಲಿ ಜಗತ್ತು ಮುಂದೆ ಸಾಗಿತ್ತು, ಅಷ್ಟೇ.

ಅದೇ ವರ್ಷಗಳಲ್ಲಿ ಕಾಯದೆ ನಡೆದ ಕೆಲಸವೂ ಒಂದಿದೆ. ಕಂದಾಯ ಇಲಾಖೆಯ 'ಭೂಮಿ' ಯೋಜನೆಯಡಿ, ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸಾಮಾನ್ಯ ಕಂಪ್ಯೂಟರುಗಳನ್ನೇ ತಾಲ್ಲೂಕು ಕಚೇರಿಗಳಲ್ಲಿಟ್ಟು, ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವುದು ಸಾಧ್ಯವಾಯಿತು. ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ರೈತರೂ ಅದರ ಪಾಲುದಾರರು. ಆ ಕಂಪ್ಯೂಟರುಗಳಿಗಿಂತ ಉತ್ತಮವಾದವು ಮರುವರ್ಷವೇ ಅಗ್ಗದ ಬೆಲೆಗೆ ಬಂದವೆಂಬುದರಲ್ಲಿ ಸಂಶಯವಿಲ್ಲ. ಹಾಗೆಂದು ಇಲಾಖೆ ಕಾದು ಕುಳಿತಿದ್ದರೆ, ರೈತ ಪಹಣಿಗಾಗಿ ಗ್ರಾಮಲೆಕ್ಕಿಗರ ಬೆನ್ನುಹತ್ತಿ ತಿರುಗುವ ವರ್ಷಗಳು ಇನ್ನಷ್ಟು ಹೆಚ್ಚುತ್ತಿದ್ದವು. ಕಂಪ್ಯೂಟರಿನ ಬೆಲೆಯನ್ನು ಅದು ಮಾಡಿದ ಕೆಲಸದಿಂದ ಅಳೆಯಬೇಕೇ ಹೊರತು ಅದರ ನಂತರ ಬಂದ ಯಂತ್ರದ ಬೆಲೆಚೀಟಿಯಿಂದಲ್ಲ.

ಆದರೆ ಅವಸರದಿಂದ ಅಗ್ಗದ್ದನ್ನು ಕೊಂಡರೂ ಕೆಡುಕು ತಪ್ಪದು. ವಿದ್ಯಾರ್ಥಿಗಳಿಗಾಗಿ 35 ಡಾಲರಿನ ಕಂಪ್ಯೂಟರ್ ಬರಲಿದೆಯೆಂದು ಕೇಂದ್ರ ಸರ್ಕಾರ 2010ರ ಜುಲೈನಲ್ಲಿ ಸಾರಿತು. 'ಆಕಾಶ್' ಎಂಬ ಹೆಸರಿನ ಆ ಟ್ಯಾಬ್ಲೆಟ್ 2011ರ ಅಕ್ಟೋಬರ್ 5ರಂದು ಬಿಡುಗಡೆಯಾಯಿತು. ಪರದೆಯನ್ನು ಒತ್ತಿ ಒತ್ತಿ ಬೆರಳು ಸೋಲಬೇಕು, ಯಂತ್ರ ನಿಧಾನ, ಬ್ಯಾಟರಿ ಬೇಗ ಬರಿದು ಎಂಬ ದೂರುಗಳು ಬಂದವು. ಒಂದು ವರ್ಷ ಕಳೆದು 2012ರ ನವೆಂಬರಿನಲ್ಲಿ, ಹೆಚ್ಚು ವೇಗದ ಮತ್ತು ಉತ್ತಮ ಪರದೆಯ 'ಆಕಾಶ್ 2' ಹೆಚ್ಚುಕಡಿಮೆ ಅದೇ ಬೆಲೆಗೆ ಬಂದಾಗ, ಮೊದಲಿನದು ಯಾರಿಗೂ ಬೇಡವಾದ ವಸ್ತುವಾಯಿತು. ಇಲ್ಲಿ ಮೊದಲು ಕೊಂಡವರಿಗಾದ ನಷ್ಟಕ್ಕೆ ಹೊಸ ಮಾದರಿ ಕಾರಣವಲ್ಲ. ಮಾಡಬೇಕಾದ ಕೆಲಸಕ್ಕೆ ಮೊದಲ ಯಂತ್ರವೇ ಸಾಲದಾಗಿತ್ತು. ಅಗ್ಗ ಎಂಬ ಒಂದೇ ಗುಣವನ್ನು ನೋಡಿ ಕೊಂಡರೆ ಆಗುವುದು ಇಷ್ಟೇ.

ಕಾಯುವುದರಿಂದ ಬೆಲೆ ಇಳಿಯುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ, ಹಾರ್ಡ್‌ಡಿಸ್ಕುಗಳ ಬೆಲೆ ಕೆಲವೇ ವಾರಗಳಲ್ಲಿ ಇಮ್ಮಡಿಯ ಹತ್ತಿರಕ್ಕೆ ಏರಿತು. 2020ರಲ್ಲಿ ಕೊರೋನಾ ಬಂದು ಶಾಲೆ ಕಾಲೇಜುಗಳು ಮುಚ್ಚಿದಾಗ ಲ್ಯಾಪ್‌ಟಾಪುಗಳಿಗೆ ಎಲ್ಲೆಡೆ ಅಭಾವ ಉಂಟಾಯಿತು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಬೃಹತ್ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ, ಆ ಚಿಪ್ಪುಗಳ ಬೆಲೆ ಗಗನಕ್ಕೇರಿತು. ಆ ಮೂರು ಸಂದರ್ಭಗಳಲ್ಲಿಯೂ ಅಗ್ಗವಾಗಲೆಂದು ಕಾದವರು ಹೆಚ್ಚು ತೆತ್ತರು. ಕೊರೋನಾ ಕಾಲದಲ್ಲಿಯಂತೂ ಮನೆಯಲ್ಲಿ ಹಳೆಯ ಕಂಪ್ಯೂಟರೊಂದು ಇದ್ದ ಮಗುವಿಗೂ ಏನೂ ಇಲ್ಲದ ಮಗುವಿಗೂ ನಡುವಣ ಅಂತರ ಬೆಲೆಯಲ್ಲಿ ಅಳೆಯುವಂಥದಾಗಿರಲಿಲ್ಲ. ಅನೇಕ ಹಳ್ಳಿಗಳಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಶಿಕ್ಷಕರೇ ಗುಡಿಯ ಕಟ್ಟೆಗೂ ಮರದ ನೆರಳಿಗೂ ಬಂದು ಪಾಠ ಹೇಳಬೇಕಾಯಿತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದ ಕೊನೆಯ ಜಿಲ್ಲೆಯಾಗಿತ್ತು. ಅದಕ್ಕೆ ಕಾರಣಗಳು ಅನೇಕ; ಕಂಪ್ಯೂಟರೊಂದರಿಂದಲೇ ಅದು ಸರಿಹೋಗುವುದೂ ಇಲ್ಲ. ಆದರೆ ಕಲಿಕೆಯ ಸಾಧನವನ್ನು ಮುಂದಿನ ವರ್ಷ ನೋಡೋಣವೆಂದು ಮುಂದೂಡುವಷ್ಟು ವರ್ಷಗಳು ಈ ಸೀಮೆಯ ಮಕ್ಕಳ ಬಳಿ ಇಲ್ಲ ಎಂಬುದನ್ನು ಅದು ಹೇಳುತ್ತದೆ.

ಒಕ್ಕಲುತನ ಮಾಡುವವರಿಗೆ ಈ ಮಾತು ಹೊಸದಲ್ಲ. ನೆಲ ಹದಕ್ಕೆ ಬಂದಾಗ ಬಿತ್ತಬೇಕು. ಇನ್ನೂ ಒಳ್ಳೆಯ ಮಳೆ ಬರಲೆಂದು ಕುಳಿತವನ ಕೈಯಿಂದ ಹಂಗಾಮು ಜಾರುತ್ತದೆ. ತೊಗರಿಯ ಧಾರಣೆಯದೂ ಇದೇ ಕಥೆ. 2015ರಲ್ಲಿ ತೊಗರಿಬೇಳೆಯ ಬೆಲೆ ನಗರಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಅದೇ ಬೆಲೆಯ ಆಸೆಯಿಂದ 2016ರಲ್ಲಿ ಎಲ್ಲರೂ ತೊಗರಿ ಬಿತ್ತಿದರು. ರಾಶಿಯ ಹೊತ್ತಿಗೆ ಮಾರುಕಟ್ಟೆಯ ಧಾರಣೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಕುಸಿದು, ಖರೀದಿ ಕೇಂದ್ರಗಳ ಮುಂದೆ ಸಾಲು ನಿಲ್ಲಬೇಕಾಯಿತು. ಮಾರಿದ ಮೇಲೆ ಬೆಲೆ ಏರಿದರೆ ರೈತ ಒಂದು ದಿನ ಮರುಗುತ್ತಾನೆ, ಮರುದಿನ ಹೊಲಕ್ಕೆ ಹೋಗುತ್ತಾನೆ. ತನ್ನ ಕೈಯಲ್ಲಿಲ್ಲದ ಧಾರಣೆಗಿಂತ ತನ್ನ ಕೈಯಲ್ಲಿರುವ ಬೆಳೆಯ ಕಡೆಗೆ ಗಮನ ಕೊಡುವ ಆ ವಿವೇಕವನ್ನೇ ಕಂಪ್ಯೂಟರ್ ಕೊಂಡವರೂ ತೋರಬೇಕಾಗಿದೆ.

ಸಣ್ಣದೊಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡಬಹುದು. 40,000 ರೂಪಾಯಿಗೆ ಕೊಂಡ ಲ್ಯಾಪ್‌ಟಾಪನ್ನು ಐದು ವರ್ಷ ಬಳಸಿದರೆ ವರ್ಷಕ್ಕೆ 8,000 ರೂಪಾಯಿ, ದಿನಕ್ಕೆ ಸುಮಾರು 22 ರೂಪಾಯಿ ಬಿದ್ದಂತಾಯಿತು. ಎರಡು ತಿಂಗಳು ಕಾದು ಅದನ್ನೇ 35,000ಕ್ಕೆ ಕೊಂಡಿದ್ದರೆ ಉಳಿಯುತ್ತಿದ್ದುದು ದಿನಕ್ಕೆ ಮೂರು ರೂಪಾಯಿಗಿಂತ ಕಡಿಮೆ. ಆದರೆ 35,000ಕ್ಕೆ ಕೊಂಡು, ಹೊಸ ಮಾದರಿಯ ಆಸೆಯಿಂದ ಮೂರೇ ವರ್ಷಕ್ಕೆ ಕೈಬಿಟ್ಟರೆ, ವರ್ಷಕ್ಕೆ 11,600 ರೂಪಾಯಿಗೂ ಹೆಚ್ಚು ಖರ್ಚಾಗುತ್ತದೆ. ಹಾಗಾದರೆ ದುಬಾರಿಗೆ ಕೊಂಡವನು ಯಾರು? ಲಾಭ ನಷ್ಟವನ್ನು ನಿರ್ಧರಿಸುವುದು ಕೊಂಡ ದಿನವಲ್ಲ, ಬಳಸಿದ ವರ್ಷಗಳು.

ಇದು ಮನೆಯ ಲೆಕ್ಕವಾಯಿತು. ನೆಲದ ಲೆಕ್ಕ ಇದಕ್ಕಿಂತ ಗಂಭೀರವಾದುದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಆ ಕಾಲದ ಒಂದು ಮೇಜಿನ ಕಂಪ್ಯೂಟರನ್ನು ಅದರ 17 ಇಂಚಿನ ಪರದೆಯೊಡನೆ ತಯಾರಿಸಲು ಕನಿಷ್ಠ 240 ಕಿಲೋ ಕಲ್ಲಿದ್ದಲು ತೈಲಾದಿ ಇಂಧನ, 22 ಕಿಲೋ ರಾಸಾಯನಿಕ ಮತ್ತು 1,500 ಕಿಲೋ ನೀರು ಬೇಕಾಗುತ್ತಿತ್ತು. ಒಟ್ಟು ತೂಕ 1.8 ಟನ್ನಿನ ಹತ್ತಿರ. ಇಂದಿನ ಲ್ಯಾಪ್‌ಟಾಪ್ ಹಗುರವಾಗಿದೆ, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ಆದರೆ ಅದರ ಜೀವಿತಕಾಲದ ಇಂಗಾಲದ ಹೊರೆಯಲ್ಲಿ ಬಹುಪಾಲು, ಕೊಳ್ಳುವವನು ಅದರ ಗುಂಡಿಯನ್ನು ಒತ್ತುವ ಮೊದಲೇ, ಗಣಿ ಮತ್ತು ಕಾರ್ಖಾನೆಗಳಲ್ಲಿ ಮುಗಿದುಹೋಗಿರುತ್ತದೆ. ಆದುದರಿಂದ ಕಡಿಮೆ ವಿದ್ಯುತ್ ಬಳಸುತ್ತದೆಂಬ ನೆಪದಲ್ಲಿ ಗಟ್ಟಿಯಾಗಿರುವ ಲ್ಯಾಪ್‌ಟಾಪನ್ನು ಎಸೆದು ಹೊಸದನ್ನು ತರುವುದು ಪರಿಸರದ ಕಾಳಜಿ ಎನಿಸಿಕೊಳ್ಳಲಾರದು.

ಗಣಿ ಎಂದರೇನೆಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಭೂಮಿಯ ಆಳಕ್ಕಿಳಿದು ಒಂದು ಟನ್ ಅದಿರು ತೆಗೆದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಕಂಪ್ಯೂಟರ್ ಮತ್ತು ಫೋನುಗಳ ಸರ್ಕ್ಯೂಟ್ ಹಲಗೆಗಳಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಚಿನ್ನವಿರುತ್ತದೆ. ತಾಮ್ರ, ಬೆಳ್ಳಿಗಳೂ ಇರುತ್ತವೆ. ಆದರೆ ಅವುಗಳ ಜೊತೆಗೆ ಬೆಸುಗೆಯ ಸೀಸ, ಹಳೆಯ ಪರದೆಗಳ ಪಾದರಸ, ಬೆಂಕಿ ತಡೆಯಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಇರುತ್ತವೆ. ಗುಜರಿ ಸೇರಿದ ತಂತಿಗಳನ್ನು ತಾಮ್ರಕ್ಕಾಗಿ ಬಯಲಿನಲ್ಲಿ ಸುಟ್ಟಾಗ, ಹಲಗೆಗಳನ್ನು ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದಿದಾಗ, ಆ ವಿಷ ಮೊದಲು ತಾಗುವುದು ಆ ಕೆಲಸ ಮಾಡುವ ಬಡವರ ಮಕ್ಕಳ ಎದೆಗೆ, ಆಮೇಲೆ ಬಾವಿಯ ನೀರಿಗೆ. 2022ನೇ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಇ-ತ್ಯಾಜ್ಯ ಹುಟ್ಟಿಸುವ ದೇಶಗಳಲ್ಲಿ ಚೀನಾ, ಅಮೆರಿಕಗಳ ನಂತರದ ಸ್ಥಾನ ಭಾರತದ್ದು.

ಯಂತ್ರ ಕೆಡದಿದ್ದರೂ ಅದನ್ನು ಹಳತಾಗಿಸುವ ಇನ್ನೊಂದು ಉಪಾಯ ತಂತ್ರಾಂಶದ್ದು. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10 ತಂತ್ರಾಂಶಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಕೇಳುವ ಭದ್ರತಾ ಚಿಪ್ಪು ಮತ್ತು ಹೊಸ ಪ್ರೊಸೆಸರ್ ಬಹಳಷ್ಟು ಹಳೆಯ ಯಂತ್ರಗಳಲ್ಲಿಲ್ಲ. ಇದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆಯೊಂದು 2023ರಲ್ಲಿಯೇ ಅಂದಾಜಿಸಿತ್ತು. ಆದರೆ ಅದೇ ಯಂತ್ರಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶವನ್ನು ಹಾಕಿದರೆ ಬರವಣಿಗೆ, ಲೆಕ್ಕ, ಅಂತರ್ಜಾಲ, ಪಾಠದ ವೀಡಿಯೋಗಳಿಗೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಬಳಸಬಹುದು. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಮೂಡುತ್ತದೆ. ಕಾಸರಗೋಡು ಜಿಲ್ಲೆಯನ್ನೂ ಒಳಗೊಂಡಂತೆ ಕೇರಳದ ಸರ್ಕಾರಿ ಶಾಲೆಗಳು ಅನೇಕ ವರ್ಷಗಳಿಂದ ಇಂಥ ಮುಕ್ತ ತಂತ್ರಾಂಶದ ಮೇಲೆಯೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಸಾಧ್ಯವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಾಗಿದೆ.

ಇಷ್ಟನ್ನು ಗಮನಿಸಿದರೆ ಕೊಳ್ಳುವವರು ಅನುಸರಿಸಬೇಕಾದ ದಾರಿ ಕಠಿಣವೇನಲ್ಲ. ಮೊದಲಿಗೆ, ಯಾವ ಕೆಲಸಕ್ಕೆ ಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಪದವಿ ಓದುವವರ ಟಿಪ್ಪಣಿ, ಅರ್ಜಿ, ಪಾಠಗಳಿಗೆ ಬೇಕಾದ ಯಂತ್ರವೇ ಬೇರೆ, ಎಂಜಿನಿಯರಿಂಗ್ ನಕಾಶೆಗೆ ಬೇಕಾದುದೇ ಬೇರೆ. ಅಗತ್ಯ ಹತ್ತಿರವಿದ್ದರೆ ಕೊಳ್ಳಬೇಕು. ಪರೀಕ್ಷೆ ಮುಗಿದು ರಜೆಯಲ್ಲಿದ್ದರೆ, ತುರ್ತೇನೂ ಇಲ್ಲದಿದ್ದರೆ, ಕೆಲವು ವಾರ ಕಾಯುವುದರಲ್ಲಿ ತಪ್ಪಿಲ್ಲ. ಹೊಸ ಮಾದರಿ ಬಂದಾಗ ಹಿಂದಿನ ಮಾದರಿಯ ಬೆಲೆ ಇಳಿಯುವುದರಿಂದ, ಆ ಹಿಂದಿನದನ್ನೇ ಕೊಳ್ಳುವುದು ಅನೇಕ ಸಲ ಜಾಣತನ. ಖಾತರಿಯೊಡನೆ ಮಾರುವ, ದುರಸ್ತಿ ಮಾಡಿದ ಹಳೆಯ ಯಂತ್ರಗಳೂ ಸಣ್ಣ ಕೆಲಸಗಳಿಗೆ ಸಾಕಾಗುತ್ತವೆ.

ಎರಡನೆಯದಾಗಿ, ಬೆಲೆಯನ್ನು ವಿಚಾರಿಸುವಷ್ಟೇ ಎಚ್ಚರದಿಂದ ಆಯುಷ್ಯವನ್ನೂ ವಿಚಾರಿಸಬೇಕು. ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುತ್ತದೆಯೇ, ಅಥವಾ ಹಲಗೆಗೆ ಬೆಸೆದುಬಿಟ್ಟಿದ್ದಾರೆಯೇ? ಬ್ಯಾಟರಿ ಬದಲಾಯಿಸಬಹುದೇ? ಬಿಡಿಭಾಗ ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಸಿಗುತ್ತದೆಯೇ, ಬೆಂಗಳೂರಿಗೇ ಕಳುಹಿಸಬೇಕೇ? ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ, ಧೂಳು ಏಳುವ, ವಿದ್ಯುತ್ತು ಏರಿಳಿಯುವ ಊರುಗಳಲ್ಲಿ ಈ ಪ್ರಶ್ನೆಗಳು ಐದು ಸಾವಿರ ರೂಪಾಯಿಗಿಂತ ದೊಡ್ಡವು. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸುವುದು, ಯಂತ್ರವನ್ನು ಹಾಸಿಗೆಯ ಮೇಲಿಡದೆ ಹಲಗೆಯ ಮೇಲಿಟ್ಟು ಬಳಸುವುದು, ಮಳೆಗಾಲದ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವುದು, ನಿಧಾನವಾದಾಗ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು, ಇಂಥ ಸಣ್ಣ ಆರೈಕೆಗಳಿಂದ ಆಯುಷ್ಯ ವರ್ಷಗಟ್ಟಲೆ ಹೆಚ್ಚುತ್ತದೆ. ಗುಡ್ಡಗಾಡಿನ ಮಳೆಯ ತೇವದಲ್ಲಿರುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಮೂರನೆಯದು ಸಾರ್ವಜನಿಕ ಖರೀದಿ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮವನ್ನು ಆರಂಭಿಸಿತು. ಇಂಥ ದೊಡ್ಡ ಖರೀದಿಯಲ್ಲಿ ಟೆಂಡರ್ ಕರೆದ ದಿನಕ್ಕೂ ಯಂತ್ರ ಮಕ್ಕಳ ಕೈಸೇರುವ ದಿನಕ್ಕೂ ತಿಂಗಳುಗಳ ಅಂತರವಿದ್ದು, ಅಷ್ಟರಲ್ಲಿ ಅದು ಮಾರುಕಟ್ಟೆಯಲ್ಲಿ ಹಳತಾಗಿರುವುದುಂಟು. ಇದನ್ನು ಪೂರ್ತಿಯಾಗಿ ತಪ್ಪಿಸಲಾಗದು. ಆದರೆ ಐದು ವರ್ಷದ ದುರಸ್ತಿ ಹೊಣೆ, ಬಿಡಿಭಾಗಗಳ ಪೂರೈಕೆ, ಕೊನೆಗೆ ಹಳೆಯದನ್ನು ಹಿಂತೆಗೆದುಕೊಳ್ಳುವ ಕರಾರು, ಇವುಗಳನ್ನು ಟೆಂಡರಿನಲ್ಲಿಯೇ ಸೇರಿಸುವುದು ಸಾಧ್ಯ. ಊರಿನ ಶಾಲಾಭಿವೃದ್ಧಿ ಸಮಿತಿ ಮತ್ತು ಗ್ರಾಮ ಪಂಚಾಯಿತಿಗಳು ಕೇಳಬೇಕಾದ ಪ್ರಶ್ನೆ "ಹೊಸದು ಯಾವಾಗ ಬರುತ್ತದೆ" ಎಂಬುದಲ್ಲ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಯಂತ್ರಗಳು ಎಷ್ಟಿವೆ, ಅವುಗಳಲ್ಲಿ ಎಷ್ಟನ್ನು ಎದ್ದು ನಿಲ್ಲಿಸಬಹುದು ಎಂಬುದು. ಒಂದು ಯಂತ್ರವನ್ನು ಹಲವರು ಸರದಿಯಂತೆ ಬಳಸುವ ಸಿಂಪ್ಯೂಟರಿನ ಕಲ್ಪನೆ ಮಾರುಕಟ್ಟೆಯಲ್ಲಿ ಸೋತಿರಬಹುದು, ಹಳ್ಳಿಯ ಗ್ರಂಥಾಲಯದಲ್ಲಿ ಅದು ಇಂದಿಗೂ ಸರಿಯಾದುದೇ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. 2022ರಲ್ಲಿ ಹೊಸದಾಗಿ ರೂಪಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕಸದ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 'ಇ-ಪರಿಸರ' ಎಂಬ ಘಟಕ 2005ರಲ್ಲಿಯೇ ಕ್ರಮಬದ್ಧವಾದ ವಿಲೇವಾರಿಯನ್ನು ಆರಂಭಿಸಿ ದೇಶಕ್ಕೆ ದಾರಿ ತೋರಿತು. ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಆ ವರ್ಷದ ಕೊನೆಗೆ ಜಾಲತಾಣವೊಂದನ್ನೂ ತೆರೆಯಿತು. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನ ಮೇಲೆ ಅದರ ದುರಸ್ತಿ ಎಷ್ಟು ಸುಲಭವೆಂಬ ಅಂಕವನ್ನು ನಮೂದಿಸುವುದು ಕಡ್ಡಾಯವಾಯಿತು. ಬೆಲೆಚೀಟಿಯ ಪಕ್ಕದಲ್ಲಿ ಇಂಥದೊಂದು ಅಂಕ ಇಲ್ಲಿಯೂ ಬರಬೇಕೆಂದು ಒತ್ತಾಯಿಸುವುದು ಪರಿಸರ ಚಳುವಳಿಯ ಕೆಲಸಗಳಲ್ಲೊಂದು. ಆದರೆ ದಾಬಸ್‌ಪೇಟೆ ಮುದನಾಳಕ್ಕೆ ನೂರಾರು ಕಿಲೋಮೀಟರ್ ದೂರ. ತಾಲ್ಲೂಕಿಗೊಂದಾದರೂ ಇ-ತ್ಯಾಜ್ಯ ಸಂಗ್ರಹ ಕೇಂದ್ರ, ಅದರೊಡನೆ ಸ್ಥಳೀಯ ಯುವಕ ಯುವತಿಯರಿಗೆ ದುರಸ್ತಿಯ ತರಬೇತಿ ಬರುವವರೆಗೆ ನಿಯಮದ ಫಲ ಹಳ್ಳಿ ಮುಟ್ಟುವುದಿಲ್ಲ. ಐಟಿಐಗಳಲ್ಲಿ ಕಲಿತವರಿಗೆ ಇದೊಂದು ಒಳ್ಳೆಯ ಜೀವನೋಪಾಯವೂ ಹೌದು. ಗುಳೆಯನ್ನು ಅಷ್ಟಾದರೂ ತಗ್ಗಿಸುವ ದಾರಿ.

ಕೊಳ್ಳುಬಾಕತನ ಎಂದರೆ ಕೊಳ್ಳುವುದಲ್ಲ. ಕಲಿಯುವ ಮಗುವಿಗೆ ಕಂಪ್ಯೂಟರ್ ಕೊಡಿಸಿದ ಬಡ ತಂದೆತಾಯಿಯನ್ನು ಕೊಳ್ಳುಬಾಕರೆನ್ನುವುದು ಅನ್ಯಾಯ. ಇದ್ದುದನ್ನು ಇಲ್ಲವೆಂದು ಬಗೆದು, ಬಾರದೆ ಇರುವುದರ ಹಿಂದೆ ಓಡುವ ಮನಃಸ್ಥಿತಿಗೆ ಆ ಹೆಸರು. ಹೊಸ ಮಾದರಿಯ ಬೆಲೆ ಕೇಳಿ ಮನೆಯ ಕಂಪ್ಯೂಟರಿನ ಮೇಲೆ ಬೇಸರಪಡುವುದಕ್ಕೆ ಕಾರಣವಿಲ್ಲ. ನಿನ್ನೆ ಅದರಲ್ಲಿ ಬರೆದ ಪಾಠ ಇಂದೂ ಅದರಲ್ಲಿದೆ, ಸಲ್ಲಿಸಿದ ಅರ್ಜಿ ಸೇರಬೇಕಾದಲ್ಲಿ ಸೇರಿದೆ, ಅಣ್ಣನ ಪದವಿ ಮುಗಿದ ಮೇಲೆ ತಂಗಿಯ ಪಿಯುಸಿಗೆ ಅದೇ ಒದಗುತ್ತದೆ. ಅದನ್ನು ತಯಾರಿಸಲು ಭೂಮಿ ಕೊಡಬೇಕಾದುದನ್ನು ಒಮ್ಮೆ ಕೊಟ್ಟಾಗಿದೆ. ಅದು ನಡೆಯುವಷ್ಟು ಕಾಲ ನಡೆಸುವುದು ಕೊಂಡವರ ಪಾಲಿನ ಕೆಲಸ.